ತೊಟ್ಟಿಲಿಗೆ ತಕ್ಕ ಮಷಿನ್

ಮೇ ೫, ಸೋಮವಾರ

ಆಟಿಕೆ ಅಲ್ಲ ಅಣ್ಣಾ, ಮಷಿನ್. ಆಟಿಕೆ ಸಾಗವಾನಿ ಹಲಗೆಯನ್ನು ಕೊರೆಯುವುದಿಲ್ಲ. ಇನ್ನೊಂದು ಮಾತು. "ಹತ್ತನೇತ್ತ ಓದಿದಾಂವಗ ಕಂಪ್ಯೂಟರ್ ಮಷಿನ್ ಯಾಕಲೇ" ಎಂದು ಕೇಳಿದೆಯಲ್ಲ, ಹತ್ತನೇ ಓದಿದವನಿಗೆ ಸಾಹೇಬರ ಬಾಗಿಲ ಮುಂದಿನ ಸ್ಟೂಲೇ ಯಾಕೆ ಎಂದು ನಾನೂ ಕೇಳಬಹುದಿತ್ತು. ಮೊಬೈಲ್ ರಿಪೇರಿ ಬಿಟ್ಟೆ, ಬೈಕ್ ಶೋರೂಮ್ ಬಿಟ್ಟೆ, ಹೊಲಕ್ಕೆ ಡ್ರೋನಿನಿಂದ ಹುಳದ ಔಷಧಿ ಹೊಡೆಯುವುದನ್ನೂ ಬಿಟ್ಟೆ, ಎಲ್ಲ ಹೌದು. ಬಿಟ್ಟದ್ದನ್ನೇ ಎಣಿಸುತ್ತೀಯ. ಹಿಡಿದದ್ದನ್ನೂ ಎಣಿಸು. ಹಿಡಿಯದೆ ಯಾರಾದರೂ ಬಿಡಲು ಆಗುತ್ತದೆಯೇ?

ಈ ಉತ್ತರ ಎಷ್ಟು ಚೆನ್ನಾಗಿದೆ! ಆದರೆ ಇದು ಹೊಳೆದದ್ದು ಅಣ್ಣ ಫೋನ್ ಇಟ್ಟ ಮೇಲೆ. ಫೋನಿನಲ್ಲಿ ನಾನು ಅಂದದ್ದು ಒಂದೇ ಮಾತು: "ಹೂಂ."

ಆ "ಹೂಂ" ಹಿಡಿದುಕೊಂಡು ಅಣ್ಣ ಮುಂದೆ ಹೋಗಿಬಿಟ್ಟಿದ್ದಾನೆ. ಅವನು ದೇವದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು, ಅನಿಲಕುಮಾರ ಸರ್ ಎಂದರೆ ನಾಲ್ಕು ಆಫೀಸಿನಲ್ಲಿ ಕುರ್ಚಿ ಹಾಕುತ್ತಾರೆ. ಮಾನ್ವಿಯ ಒಂದು ಆಫೀಸಿನಲ್ಲಿ ನನಗೆ ಅಟೆಂಡರ್ ಕೆಲಸ ಹೇಳಿಸಿದ್ದಾನೆ. ಜೂನ್ ಎರಡಕ್ಕೆ ಹಾಜರಾಗಬೇಕಂತೆ.

ಇಲ್ಲಿ ಬರೆಯುವುದರಲ್ಲಿ ಒಂದು ಸುಖ ಇದೆ. ಇಲ್ಲಿ ಅಣ್ಣ ನಡುವೆ ಬಾಯಿ ಹಾಕುವುದಿಲ್ಲ.

ಮೇ ೭, ಬುಧವಾರ

ಖಾಲಾ ಇವತ್ತು ಖಡಾಖಂಡಿತ ಹೇಳಿಬಿಟ್ಟಳು.

"ಮಷಿನ್ ತರಾಕ ನಾ ತಯಾರ್ ಇದೀನಿ, ಆರಿಸಾಂವ ನೀ. ಖರೇ ಜಲ್ದಿ ಆರಿಸು ಬೇಟಾ. ವಾಟರ್ ಕ್ಯಾನಿನಾಂವ ಶೆಡ್ ಬಾಡಿಗಿಗಿ ಕೇಳಾಕತ್ತಾನ. ಈ ತಿಂಗಳು ನೋಡ್ತೀನಿ, ಆಮ್ಯಾಲ ಅವನ ಕ್ಯಾನ್ ಬರ್ತಾವ, ನೀ ಹೊರಗ."

ಖಾಲಾ ಎಂದರೆ ಮುನವ್ವರ್ ಬೀ. ಕೋಟೆ ಗೋಡೆಯ ಹಿಂದಿನ ಶೆಡ್ಡು ಅವಳದು. ಅವಳ ಗಂಡ ಅಲ್ಲಾಉದ್ದೀನ್ ಚಾಚಾ ಇದ್ದಾಗ ರಾಯಚೂರು ಸುತ್ತಿನ ಹಳ್ಳಿಗಳಿಗೆಲ್ಲ ಇಲ್ಲಿಂದಲೇ ತೊಟ್ಟಿಲು ಹೋಗುತ್ತಿದ್ದವು. ಪಕ್ಕದ ಹಲಗೆಯ ಮೇಲೆ ದ್ರಾಕ್ಷಿ ಬಳ್ಳಿ, ಬಳ್ಳಿಯ ಮೇಲೆ ಎರಡು ಗಿಳಿ. ಚಾಚಾ ಹೋದ ಮೇಲೆ ಗಿಳಿಯೂ ಹೋದವು. ನಾನು ಸೇರಿ ವರ್ಷವಾಯಿತು. ತೊಟ್ಟಿಲು ಜೋಡಿಸುತ್ತೇನೆ, ಉಜ್ಜುತ್ತೇನೆ, ಪಾಲಿಶ್ ಮಾಡುತ್ತೇನೆ. ಕೆತ್ತುವುದು ಬರುವುದಿಲ್ಲ. ಬರೀ ಹಲಗೆಯ ತೊಟ್ಟಿಲು ನೋಡಿ ಜನ ಸ್ಟೀಲಿನ ಅಂಗಡಿಗೆ ಹೋಗುತ್ತಾರೆ.

ಬೇರೆ ಕೆತ್ತುವವರನ್ನು ಕರೆಸಬಹುದಲ್ಲ ಎಂದರೆ, ದಿನ ಎಲ್ಲಿವೆ? ಕೂಸು ಹುಟ್ಟುವ ಮೊದಲು ಯಾರೂ ತೊಟ್ಟಿಲು ಹೇಳುವುದಿಲ್ಲ, ಹೇಳಬಾರದು. ಹುಟ್ಟಿದ ಮೇಲೆ ತವರಿನ ಅಜ್ಜಿ ಓಡಿಬರುತ್ತಾಳೆ, ಹೆಸರಿಡುವ ದಿನಕ್ಕೆ ಬೇಕು ಅನ್ನುತ್ತಾಳೆ. ಆ ನಡುವಿನ ದಿನಗಳಲ್ಲಿ ಬಳ್ಳಿ, ಗಿಳಿ ಎಲ್ಲ ಆಗಬೇಕು. ಹೀಗಾಗಿ ಈ ಸಿಎನ್‌ಸಿ ರೌಟರ್. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಸಾಕು, ಅದೇ ಗೆರೆಯ ಮೇಲೆ ಓಡಾಡಿ ಮರ ಕೊರೆಯುತ್ತದೆ. ಇದನ್ನು ಖಾಲಾಳ ತಲೆಗೆ ಹಾಕಿದವನು ನಾನೇ. ಈಗ ಆರಿಸಬೇಕಾದವನೂ ನಾನೇ.

ಮೇ ೧೦, ಶನಿವಾರ

ಮೂರು ದಿನದಿಂದ ಮೊಬೈಲ್ ನೋಡಿ ನೋಡಿ ಕಣ್ಣು ಕೆಂಪಾಗಿವೆ. ಅವ್ವ ಯಾವುದೋ ಹುಡುಗಿಯ ಗುಂಗು ಅಂದುಕೊಂಡಿದ್ದಾಳೆ. "ಯಾರೋ ಅಕಿ? ಅಣ್ಣಗ ಹೇಳ್ತೀನಿ ತಡಿ" ಅಂದಳು. ಸ್ಕ್ರೀನ್ ತೋರಿಸಿದೆ. ಕಬ್ಬಿಣದ ಚೌಕಟ್ಟು ನೋಡಿ ಅವಳಿಗೇ ಬೇಸರವಾಯಿತು.

ನನ್ನ ಮನಸ್ಸು ಹೋದದ್ದು ನಾಲ್ಕಡಿ ಎಂಟಡಿಯ ಮಷಿನ್ ಮೇಲೆ. ಪೂರಾ ಬಾಗಿಲನ್ನೇ ಮಲಗಿಸಿ ಕೆತ್ತಬಹುದು. ಖಾಲಾಗೆ ತೋರಿಸಿದೆ. ಅವಳು ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಕಾಲಿಗೆ ಕಾಲು ಹಚ್ಚಿ ನಡೆದು ಬಂದಳು.

"ಅದು ಒಳಗ ಬಂದ್ರ ನಾವಿಬ್ರೂ ಹೊರಗ ಚಾಪಿ ಹಾಸ್ಕಂಡು ಕುಂದ್ರಬೇಕು. ನಾವು ಬಾಗಲಾ ಮಾಡ್ತೀವೇನು?"

"ಮುಂದ ಮಾಡಬಹುದು ಖಾಲಾ."

"ಮುಂದ ವಿಮಾನಾನೂ ಮಾಡಬಹುದು. ಈಗ ತೊಟ್ಲಾ ನೋಡು."

ಸಿಟ್ಟಿನಿಂದ ಎಲ್ಲಕ್ಕಿಂತ ಸಣ್ಣದು ತೆಗೆದು ತೋರಿಸಿದೆ. ಮೇಜಿನ ಮೇಲೆ ಕೂರುವಂಥದು, ಕೊರಿಯರಿನಲ್ಲೇ ಬರುತ್ತದೆ, ಪೆನ್ನಿನ ಮೇಲೆ ಹೆಸರು ಕೆತ್ತುತ್ತದೆ.

"ಇದರಾಗ ಯಾರ ಕೂಸು ಮಲಗಿಸ್ತಿ? ಇಲಿ ಮರೀನಾ?"

ಮಧ್ಯಾಹ್ನವೆಲ್ಲ ಅವಳು ಹಲಗೆ ಉಜ್ಜುತ್ತ ತಾನೇ ನಗುತ್ತಿದ್ದಳು.

ಮೇ ೧೩, ಮಂಗಳವಾರ

ಮಾನ್ವಿಗೆ ಹೋಗಿ ಬಂದೆ. ಅಣ್ಣಾ, ನಿನ್ನ ಆಫೀಸು ನೋಡಲು ಅಲ್ಲ, ಕೊಟ್ರೇಶನ ಮಷಿನ್ ನೋಡಲು. ಅವನು ದೇವರ ಮಂಟಪ ಮಾಡುತ್ತಾನೆ, ವಾಟ್ಸಾಪ್ ಗುಂಪಿನಲ್ಲಿ ಪರಿಚಯ. ಗುಂಪಿನಲ್ಲಿ ಅವನ ಮಷಿನ್ ಹುಲಿ. ಹೋಗಿ ನೋಡಿದರೆ ಹುಲಿಯ ಮೇಲೆ ಹಾಳೆ ಹಾಸಿ ಸಂಡಿಗೆ ಒಣಹಾಕಿದ್ದರು.

"ಕೊರಿಯೋ ಮೋಟಾರ್ ಸುಟ್ಟದ" ಅಂದ. "ನೀರಿನಿಂದ ತಣ್ಣಗ ಆಗೋ ಮೋಟಾರ್ ಅದು. ಬಕೀಟಿನಾಗ ನೀರು, ನೀರಾಗ ಪಂಪು. ಅವತ್ತು ನಳ ಬಂದಿದ್ದಿಲ್ಲ. ನಮ್ಮವ್ವ ಬಕೀಟಿನ ನೀರು ತಗಂಡು ಬಾಂಡೆ ತಿಕ್ಕಿಬಿಟ್ಲು."

"ನಿಮಗ ಗೊತ್ತಾಗ್ಲಿಲ್ಲೇನ್ರಿ?"

"ವಾಸನಿ ಬಂತು. ಅವ್ವ ಪಲ್ಯ ಸೀದದ ಅಂತ ಒಲಿ ಆರಿಸಿದ್ಲು. ನಾನೂ ಹೌದಂತ ಕುಂತೆ."

ಅವನ ಅವ್ವ ಒಳಗಿನಿಂದಲೇ ಕೂಗಿದಳು: "ಮಷಿನ್ ನೀರು ಕುಡಿತದ ಅಂತ ನನಗ ಯಾರ್ ಹೇಳಿದ್ರು? ಅದೇನ್ ಎಮ್ಮೀಯೇನು?"

ಆದರೆ ಸುಟ್ಟುಕೊಂಡವನು ಚೆನ್ನಾಗಿ ಹೇಳಿಕೊಡುತ್ತಾನೆ. ಕೊಟ್ರೇಶ ಹೇಳಿದ್ದು ಇಷ್ಟು. ನಮ್ಮ ಕಡೆ ಗಾಳಿಯಲ್ಲೇ ತಣ್ಣಗಾಗುವ ಮೋಟಾರು ತಗೋಬೇಕು. ಮನೆಯ ಕರೆಂಟಿಗೆ ನಡೆಯಬೇಕು. ಕರೆಂಟ್ ಹೋಗಿ ಬಂದರೆ ಬಿಟ್ಟ ಜಾಗದಿಂದ ಮತ್ತೆ ಹಿಡಿಯಬೇಕು, ಇಲ್ಲದಿದ್ದರೆ ಅರ್ಧ ಕೊರೆದ ಹಲಗೆ ಒಲೆಗೆ. ಎಲ್ಲಕ್ಕಿಂತ ಮೊದಲು, ಕೊರೆಯುವ ತಲೆಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಬೇಕು. "ಅಳ್ಳಾಡಿದ್ರ ಬ್ಯಾಡ. ಎಷ್ಟು ಚಂದ ಇದ್ರೂ ಬ್ಯಾಡ."

ಬರುವಾಗ ಆ ಆಫೀಸಿನ ಮುಂದೆ ಸುಮ್ಮನೆ ಹಾದುಬಂದೆ. ಬಾಗಿಲ ಹತ್ತಿರ ಸ್ಟೂಲು ಇತ್ತು, ಮೇಲೆ ಫ್ಯಾನು ಇತ್ತು. ಈ ಬಿಸಿಲಿನಲ್ಲಿ ಫ್ಯಾನು ನೋಡಿ ಒಂದು ನಿಮಿಷ ನಿಂತೆ. ಬರೆಯುವುದಾದರೆ ನಿಜ ಬರೆಯಬೇಕು. ಫ್ಯಾನು ಚೆನ್ನಾಗಿತ್ತು.

ಮೇ ೧೫, ಗುರುವಾರ

ಏನೂ ಆರಿಸಲಿಲ್ಲ. ಬೆಳಿಗ್ಗೆ ಒಂದು ಪಕ್ಕಾ ಆಯಿತು, ಊಟದ ಹೊತ್ತಿಗೆ ಇನ್ನೊಂದು ಚೆನ್ನಾಗಿ ಕಂಡಿತು. ವಾಟರ್ ಕ್ಯಾನಿನವನು ಬಂದು ಶೆಡ್ಡಿನ ಮೂಲೆ ನೋಡಿಕೊಂಡು ಹೋದ. ನನ್ನ ಕಡೆ ನೋಡಿ ನಕ್ಕ. ಕೆಟ್ಟ ನಗು.

ಖಾಲಾಗೆ ಕರೆಂಟಿನ ವಿಷಯ ಹೇಳಿದೆ, ಬಿಟ್ಟ ಜಾಗದಿಂದ ಮತ್ತೆ ಹಿಡಿಯುವ ಮಷಿನ್ ಬೇಕು ಎಂದು. ಅವಳು ಕನ್ನಡಕದ ಮೇಲಿಂದ ನೋಡಿದಳು.

"ಶಕ್ತಿನಗರದಾಗ ಕರೆಂಟ್ ಹುಟ್ಟತದ, ನಮ್ಮ ಮನಿಗಿ ಬರೂದ್ರಾಗ ಸಾಯ್ತದ. ಅದಕ್ಕ ಹೌದು, ಹಂತಾದ ಬೇಕು. ಬಿಟ್ಟಲ್ಲೇ ಹಿಡಿತದಂದ್ರ ನಿನಗಿಂತ ಶಾಣ್ಯಾ ಅದ."

ಮೇ ೧೭, ಶನಿವಾರ

ಮರ್ಯಾದೆ ಹೋಯಿತು. ಹೇಗೆ ಹೋಯಿತು ಎಂದು ಬರೆಯುತ್ತೇನೆ.

ಮಷಿನ್ ತರುವ ಮೊದಲು ಒಂದು ಹಲಗೆ ಕೊರೆಸಿ ನೋಡೋಣ ಎಂದು ಸ್ಟೇಷನ್ ರಸ್ತೆಯ ಬೋರ್ಡ್ ಮಾಡುವವರ ಹತ್ತಿರ ಪ್ಲೈವುಡ್ ಕೊಟ್ಟಿದ್ದೆ. ತೊಟ್ಟಿಲಿನ ಪಕ್ಕದ ಹಲಗೆಯ ಅಳತೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಮೂವತ್ತನಾಲ್ಕು ಇಂಚು ಐದು ಸೂತ. ಇಂಚಿಗೆ ಎಂಟು ಸೂತ, ಇದು ಬಡಿಗರ ಮನೆಯ ಬೆಕ್ಕಿಗೂ ಗೊತ್ತು. ನಾನು ವಾಟ್ಸಾಪಿನಲ್ಲಿ ಕಳಿಸಿದ್ದು: 34.5.

ಅವರು ಕಳಿಸಿದಷ್ಟೇ ಕೊರೆದರು. ತಂದು ಚೌಕಟ್ಟಿಗೆ ಹಚ್ಚಿದರೆ ಒಂದು ಬದಿಯಲ್ಲಿ ಸಂದು. ಟೇಪು ಹಿಡಿದೆ, ತಿರುಗಿಸಿ ಹಿಡಿದೆ, ಟೇಪನ್ನೇ ಬೈದೆ. ಆಮೇಲೆ ತಲೆಗೆ ಹತ್ತಿತು. ಚುಕ್ಕೆಯ ಮುಂದಿನ ಐದು ಎಂದರೆ ಅರ್ಧ ಇಂಚು, ಅರ್ಧ ಇಂಚು ಎಂದರೆ ನಾಲ್ಕು ಸೂತ. ಒಂದು ಸೂತ ನಾನೇ ತಿಂದಿದ್ದೆ.

ಖಾಲಾ ಬೈಯಲಿಲ್ಲ. ಸಂದಿನಲ್ಲಿ ಉಗುರು ಹಾಕಿ ನೋಡಿದಳು, ನಗಲೂ ಇಲ್ಲ. "ಇಲ್ಲಿ ಕೂಸಿನ ಬೆರಳು ಸಿಗತದ ಬೇಟಾ" ಅಂದಳು, ಅಷ್ಟೇ.

ಬೈದಿದ್ದರೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗುತ್ತಿದ್ದೆ. ಬೈಯದ ಕಾರಣ ಅಲ್ಲೇ ಕೂತೆ. ಒಂದು ಸೂತಕ್ಕೆ ಮಷಿನ್ ಭಾಷೆಯಲ್ಲಿ ಎಷ್ಟು, ಎರಡಕ್ಕೆ ಎಷ್ಟು, ಏಳರವರೆಗೂ ಲೆಕ್ಕ ಹಾಕಿ ಗೋಡೆಯ ಮೇಲೆ ದಪ್ಪಗೆ ಬರೆದೆ. ತೊಟ್ಟಿಲಿನ ಒಂದೊಂದೇ ತುಂಡು ಹಿಡಿದು ಮತ್ತೆ ಅಳೆದೆ. ಅತಿ ಉದ್ದದ ಕೆತ್ತನೆ ಹಲಗೆ ಮೂರಡಿಯ ಒಳಗೆ, ಅಗಲ ಎರಡಡಿಯನ್ನು ಮುಟ್ಟುವುದೇ ಇಲ್ಲ. ಅಂದರೆ ಎರಡಡಿ ಮೂರಡಿಯ ಮಷಿನ್ ಸಾಕು. ಹತ್ತು ದಿನದಿಂದ ಮೊಬೈಲಿನಲ್ಲಿ ಹುಡುಕಿದ್ದು ತೊಟ್ಟಿಲಲ್ಲೇ ಇತ್ತು.

ಅವ್ವ ಊಟಕ್ಕೆ ಮೂರು ಸಲ ಫೋನ್ ಮಾಡಿದ್ದಳಂತೆ. ಕೇಳಿಸಲಿಲ್ಲ.

ಮೇ ೧೮, ಭಾನುವಾರ

ಆರಿಸಿದೆ.

ಹೈದರಾಬಾದಿನಲ್ಲಿ ಮಾಡುವವರು. ಎರಡಡಿ ಮೂರಡಿ, ಗಾಳಿ ಮೋಟಾರು, ಮನೆಯ ಕರೆಂಟು, ಬಿಟ್ಟಲ್ಲೇ ಹಿಡಿಯುತ್ತದೆ. ವಿಡಿಯೋ ಕಾಲ್ ಮಾಡಿ ನನ್ನ ಅರ್ಧಂಬರ್ಧ ತೆಲುಗಿನಲ್ಲಿ, "ಊಪಿ ಚೂಪಿಂಚಂಡಿ" ಅಂದೆ, ಅಲುಗಾಡಿಸಿ ತೋರಿಸಿ ಎಂದು. ಆ ಮನುಷ್ಯ ಇಂಥ ಗಿರಾಕಿ ನೋಡಿರಲಿಲ್ಲ ಅಂತ ಕಾಣುತ್ತದೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಮಷಿನಿನ ತಲೆ ಹಿಡಿದು ಅಲುಗಾಡಿಸಿದ. ಫೋನು ಅಲುಗಾಡಿತು, ಅವನ ಹೊಟ್ಟೆ ಅಲುಗಾಡಿತು. ಮಷಿನ್ ಅಲುಗಾಡಲಿಲ್ಲ.

ಖಾಲಾ ಬಿಸ್ಮಿಲ್ಲಾ ಎಂದು ಫೋನ್ ಒತ್ತಿ ದುಡ್ಡು ಕಳಿಸಿದಳು.

ಸಂಜೆ ಅಣ್ಣನ ಫೋನು. "ಮಾನ್ವಿಯವರ ಮುಂದ ನಾ ಮಾತು ಕೊಟ್ಟೀನಿ. ಎರಡನೇ ತಾರೀಖು, ನೆಪ್ಪದಲ್ಲ? ಕೂದ್ಲಾ ಸಣ್ಣ ಮಾಡಿಸ್ಕೋ." ಹೇಳಲು ಬಾಯಿ ತೆರೆದೆ. ಬಂದದ್ದು ಮತ್ತೆ "ಹೂಂ."

ಮೇ ೨೩, ಶುಕ್ರವಾರ

ಮಷಿನ್ ಬಂದು ಮೂರು ದಿನ. ಬರೆಯಲು ಹೊತ್ತಿಲ್ಲ. ಜೋಡಿಸುವುದಾಯಿತು. ಈಗ ಕೆಲಸವೆಲ್ಲ ಗಿಳಿಯದು. ಚಾಚಾ ಕೆತ್ತಿದ ಒಂದು ಹಳೇ ಹಲಗೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅದರ ಮೇಲೆ ಗೆರೆ ಎಳೆಯುತ್ತಿದ್ದೇನೆ. ಮೊದಲನೆಯದು ಕೊರೆದು ಖಾಲಾ ಮುಂದೆ ಹಿಡಿದೆ.

"ಚಲೋ ಅದ. ಕೋಳಿ ಯಾರ್ ಮನೀದು?"

ಎರಡನೆಯದಕ್ಕೆ ಕೊಕ್ಕು ಬಗ್ಗಿಸಿದೆ.

"ಈಗ ಹದ್ದು ಆತು. ಕೂಸು ಹೆದರಿ ಉಚ್ಚಿ ಹೊಯ್ಕಂತದ."

ಮೂರನೆಯದು, ನಾಲ್ಕನೆಯದು. ಚಾಚಾ ಕೊಕ್ಕಿನ ಬುಡದಲ್ಲಿ ಉಳಿಯನ್ನು ಸ್ವಲ್ಪ ತಿರುವಿ ಎತ್ತುತ್ತಿದ್ದ. ಅಲ್ಲಿ ಗೆರೆ ತೆಳ್ಳಗಾಗುತ್ತದೆ. ಅದು ಕಾಣಲು ನನಗೆ ಎರಡು ದಿನ ಬೇಕಾಯಿತು. ಇವತ್ತು ಕೊರೆದದ್ದನ್ನು ಖಾಲಾ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದಳು. ಬಹಳ ಹೊತ್ತು ಹಲಗೆಯನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಅಷ್ಟು ಧೂಳು ಇರಲಿಲ್ಲ.

"ಗಿಣಿ" ಅಂದಳು.

ಮೇ ೨೫, ಭಾನುವಾರ

ಕಲ್ಮಲದಿಂದ ಬಾಲಮ್ಮ ಎಂಬ ಅಜ್ಜಿ ಬಂದಿದ್ದಳು. ಮಗಳಿಗೆ ಹೆಣ್ಣು ಕೂಸು, ಜೂನ್ ಒಂದಕ್ಕೆ ಹೆಸರಿಡುತ್ತಾರೆ. ಗಿಳಿ ನೋಡಿ ಕಣ್ಣು ಅಗಲ ಮಾಡಿದಳು. ನಾನು ಉಮೇದಿನಲ್ಲಿ, "ತಲಿ ಕಡಿ ಹಲಗಿ ಮ್ಯಾಲ ಕೂಸಿನ ಹೆಸರೂ ಕೆತ್ತಿ ಕೊಡ್ತೀನಿ ಯವ್ವಾ. ಏನ್ ಹೆಸರು?" ಅಂದೆ.

ಅಜ್ಜಿ ಬಾಯಿಗೆ ಸೆರಗು ಹಿಡಿದಳು.

"ಇನ್ನಾ ತೊಟ್ಲಾಗ ಹಾಕಿಲ್ಲ, ಹೆಸರು ಕೇಳ್ತಾನಲ್ಲ ಇವ! ಅಕಿ ಸೋದರತ್ತಿ ಬಂದು ಕಿವ್ಯಾಗ ಕುರ್ರ್ ಅಂದ ಮ್ಯಾಲ ಹೆಸರು. ನಿನಗ ಮೊದ್ಲ ಹೇಳಿದ್ರ ಅತ್ತಿ ಬಿಡ್ತಾಳೇನು? ಎಷ್ಟನೇತ್ತ ಓದೀಯೋ?"

"ಹತ್ತನೇತ್ತ."

"ಅದಕ್ಕ."

ಖಾಲಾ ಹಲಗೆಗಳ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆದರೆ ಅಜ್ಜಿಯ ಮುಖದಲ್ಲಿ ಆಸೆ ಕಂಡಿತು. ಹೆಸರು ಬೇಕು, ಮೊದಲೇ ಹೇಳುವಂತಿಲ್ಲ. ಯೋಚನೆ ಮಾಡಿ ಅಂದೆ: "ತಲಿ ಕಡಿ ಪಟ್ಟಿ ಜಾರೂವಂಥ ಒಂದು ತೋಡು ಕೊರೀತೀನಿ ಯವ್ವಾ, ಖಾಲಿ. ಅವತ್ತು ಹೆಸರಿಟ್ಟ ಕೂಡ್ಲೇ ಫೋನ್ ಮಾಡ್ರಿ. ಹೆಸರಿನ ಪಟ್ಟಿ ಕೆತ್ತಿ ತಂದು ನಾನ ಅದರಾಗ ಕುಂದ್ರಿಸ್ತೀನಿ. ನೀವು ಪಾಯಸ ಮುಗಿಸೂದ್ರಾಗ ಬರ್ತೀನಿ."

ಅಜ್ಜಿ ಖಾಲಾಳನ್ನು ನೋಡಿದಳು. "ಇವ ಬರ್ತಾನಂತೀಯೇನವ್ವ?"

ಈಗ ಖಾಲಾ ನಗುತ್ತಿರಲಿಲ್ಲ. "ಬರ್ತಾನ" ಅಂದಳು.

ಮೇ ೨೮, ಬುಧವಾರ

ಎರಡನೇ ಗಿಳಿಯ ಬಾಲದ ಹತ್ತಿರ ಕರೆಂಟ್ ಹೋಯಿತು. ಬಂದ ಮೇಲೆ ಮಷಿನ್ ಅದೇ ಗರಿಯಿಂದ ಹಿಡಿಯಿತು. ಧೂಳು ಮೂಗು, ಕಿವಿ, ರೊಟ್ಟಿ ಎಲ್ಲದರಲ್ಲೂ ಇದೆ. ನಿದ್ದೆ ಚೆನ್ನಾಗಿ ಬರುತ್ತದೆ. ವಾಟರ್ ಕ್ಯಾನಿನವನು ಬಂದಿದ್ದ, ತಂಗಿಯ ಮಗಳಿಗೆ ತೊಟ್ಟಿಲು ವಿಚಾರಿಸಿ ಹೋದ.

ಮೇ ೩೦, ಶುಕ್ರವಾರ

ತೊಟ್ಟಿಲು ಟಂಟಂ ಆಟೋ ಹತ್ತಿ ಕಲ್ಮಲಕ್ಕೆ ಹೋಯಿತು. ಗಬ್ಬೂರಿನಿಂದ ಇನ್ನೊಂದು ಆರ್ಡರ್ ಬಂದಿದೆ. ಅವರಿಗೆ ಗಿಳಿ ಬೇಡವಂತೆ, ನವಿಲು ಬೇಕಂತೆ. ನವಿಲಿಗೆ ಎಷ್ಟು ಗರಿ ಎಂದು ಯಾರಿಗೆ ಗೊತ್ತು!

ಜೂನ್ ೧, ಭಾನುವಾರ

ಇವತ್ತಿನದು ಬರೆಯಲೇಬೇಕು.

ಬೆಳಿಗ್ಗೆಯಿಂದ ಮಷಿನ್ ಮುಂದೆ ಪಟ್ಟಿ ಬಿಗಿದು ಕೂತಿದ್ದೆ. ಹನ್ನೊಂದರ ಸುಮಾರಿಗೆ ಫೋನು. ಬಾಲಮ್ಮನ ಹಿಂದೆ ಸಂತೆ ಗದ್ದಲ. "ಉಮಾದೇವಿ ಅಂತ ಬರಿಯೋ, ನಮ್ಮತ್ತಿ ಹೆಸರು" ಅಂದಳು. ಅಷ್ಟರಲ್ಲಿ ಯಾರೋ ಫೋನ್ ಕಸಿದುಕೊಂಡರು. "ನಾ ಕೂಸಿನ ಸೋದರತ್ತಿ ಮಾತಾಡ್ತೀನ್ರಿ. ಕಿವ್ಯಾಗ ಅಂದಾಕಿ ನಾನು. ಮೇಘಾ ಅಂದೀನಿ. ಮೇಘಾನ ಬರೀರಿ." ಮತ್ತೆ ಅಜ್ಜಿ: "ಅಕಿ ಮಾತು ಕೇಳಬ್ಯಾಡ!" ಫೋನು ಅಲ್ಲಿ ಎಷ್ಟು ಕೈ ತಿರುಗಿತೋ.

ಖಾಲಾ ಕಡೆ ನೋಡಿದೆ. "ಇದು ಮಷಿನಿಗಿ ತಿಳಿಯಂಗಿಲ್ಲ, ನೀನ ಆರಿಸು" ಅಂದಳು. ಪಟ್ಟಿಗೆ ಎರಡು ಮುಖ ಇವೆಯಲ್ಲ. ಒಂದು ಕಡೆ ಮೇಘಾ ಕೆತ್ತಿದೆ, ತಿರುವಿ ಹಾಕಿ ಇನ್ನೊಂದು ಕಡೆ ಉಮಾದೇವಿ. ಬೈಕ್ ಹತ್ತಿ ಕಲ್ಮಲ ಮುಟ್ಟಿದಾಗ ಇನ್ನೂ ಪಾಯಸ ಬಡಿಸುತ್ತಿದ್ದರು. ತೋಡಿನಲ್ಲಿ ಪಟ್ಟಿ ಜಾರಿಸಿದೆ, ಸೂತದ ಸಂದಿಲ್ಲದೆ ಕೂತಿತು. "ಅತ್ತಿ ಬಂದಾಗ ಹಿಂಗ, ಅಜ್ಜಿ ಬಂದಾಗ ಹಂಗ" ಎಂದು ತಿರುವಿ ತೋರಿಸಿದೆ. ಅತ್ತೆಯೂ ಅಜ್ಜಿಯೂ ಇಬ್ಬರೂ ತಾನೇ ಗೆದ್ದೆ ಅಂದುಕೊಂಡರು. ಗುಗ್ಗರಿಯನ್ನು ಎರಡೂ ಕಡೆಯವರು ತಂದು ಕಿಸೆಗೆ ತುಂಬಿದರು. ಕೂಸು ಏನೂ ಗೊತ್ತಿಲ್ಲದೆ ಮಲಗಿತ್ತು.

ಕಿಸೆಯ ತುಂಬ ಗುಗ್ಗರಿ ಇಟ್ಟುಕೊಂಡು ಮನೆಗೆ ಬಂದರೆ, ಅಣ್ಣ.

ದೇವದುರ್ಗದಿಂದ ಬಂದಿದ್ದಾನೆ, ನಾಳೆ ನನ್ನನ್ನು ತಾನೇ ಮಾನ್ವಿಗೆ ಬಿಟ್ಟುಬರಲು. ಅವ್ವ ಚಾ ಇಟ್ಟಿದ್ದಾಳೆ. ಕೈಕಾಲು ತೊಳೆದು ಬರುತ್ತೇನೆ ಎಂದು ಒಳಕೋಣೆಗೆ ಬಂದವನು ಬರೆಯುತ್ತ ಕೂತಿದ್ದೇನೆ. ಮಂಚದ ಮೇಲೆ ಹೊಸ ಅಂಗಿ ಇದೆ. ತಿಳಿ ನೀಲಿ. ಹಾಕಿ ನೋಡಿದೆ, ಹೆಗಲಿಗೆ ಸರಿಯಾಗಿ ಕೂತಿತು. ನನ್ನ ಅಳತೆ ಅವನಿಗೆ ಹೇಗೆ ಗೊತ್ತು? ನಾನು ಕೊಟ್ಟಿಲ್ಲ. ಗೋಡೆಯ ಆಚೆ ಅವ್ವನಿಗೆ ಹೇಳುತ್ತಿರುವುದು ಕೇಳಿಸುತ್ತಿದೆ: "ಅಪ್ಪ ಗಂಜ್ ಮಾರ್ಕೆಟಿನಾಗ ಚೀಲ ಹೊತ್ತು ಹೊತ್ತು ಬೆನ್ನು ಮುರಕಂಡ. ಇವನ ಬೆನ್ನರ ಉಳೀಲಿ ಯವ್ವಾ. ಅಷ್ಟ ನನಗ."

ತಿಂಗಳಿನಿಂದ ಬರೆದದ್ದೆಲ್ಲ ಆಟಿಕೆಗೆ, ಸ್ಟೂಲಿಗೆ, ಹತ್ತನೇತ್ತಕ್ಕೆ ಕೊಟ್ಟ ಉತ್ತರ. ಇದಕ್ಕೂ ಈಗ ಒಂದು ಬರೆಯಲು ನೋಡಿದೆ. "ಕೇಳಣ್ಣಾ, ಇದು ಬೆನ್ನು ಮುರಿಯುವ ಕೆಲಸ ಅಲ್ಲ" ಎಂದು ಶುರು ಮಾಡಿ ಹೊಡೆದು ಹಾಕಿದೆ. ಇಲ್ಲಿ ಬರೆದರೆ ಅವನಿಗೆ ಕೇಳಿಸುವುದಿಲ್ಲ.

"ಏಯ್ ಗೌತಮಾ, ಒಳಗ ಏನ್ ಮೊಟ್ಟಿ ಇಡಾಕತ್ತೀಯೇನೋ? ಅಣ್ಣನ ಚಾ ಆರಾಕತ್ತದ!" ಅವ್ವ.

ಮೊದಲು ಅಂಗಿ ಚೆನ್ನಾಗಿದೆ ಅನ್ನುತ್ತೇನೆ. ಆಮೇಲೆ ನಾಳೆ ಬರುವುದಿಲ್ಲ ಅನ್ನುತ್ತೇನೆ. ಮಾನ್ವಿಯವರಿಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು, ಅಣ್ಣನದಲ್ಲ ಎಂದು ಹೇಳುತ್ತೇನೆ. ಇದನ್ನಾದರೂ ಎಷ್ಟು ದಿನ ಮಾಡುತ್ತೀಯ ಎಂದು ಅಣ್ಣ ಕೇಳೇ ಕೇಳುತ್ತಾನೆ. ಗೊತ್ತಿಲ್ಲ, ನಾಳೆ ನವಿಲಿನ ಗರಿ ಇದೆ ಅನ್ನುತ್ತೇನೆ. ಅವನು ನಡುವೆ ಬಾಯಿ ಹಾಕುತ್ತಾನೆ. ಹಾಕಲಿ.

ಪುಸ್ತಕ ಇಲ್ಲೇ ಇರಲಿ. ಬಾಗಿಲು ಎಳೆದುಕೊಂಡು ಹೊರಟೆ.